ಪಿಸ್ತೂಲಿನ ಲೇಸರ್ ಸೈಟ್: ಒದೆತ ತಿಂದು ಎಷ್ಟು ಕಾಲ ಬಾಳುತ್ತದೆ?

ರೌಂಡ್‌ರಾಕ್_ರಾಯ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸಿನಲ್ಲಿದ್ದೇನೆ. ನನ್ನದು 9 ಎಂಎಂ ಪಿಸ್ತೂಲು, ಪ್ಲಾಸ್ಟಿಕ್ ಚೌಕಟ್ಟಿನದು. ನಳಿಗೆಯ ಕೆಳಗಿನ ರೈಲಿಗೆ, ಅಂದರೆ ಬಿಡಿಭಾಗ ಸಿಕ್ಕಿಸುವ ಪಟ್ಟಿಗೆ, ಕಚ್ಚಿಕೊಳ್ಳುವ ಕೆಂಪು ಲೇಸರನ್ನು ಕಳೆದ ವರ್ಷ ಹಾಕಿಸಿದೆ. ಹೆಸರಿರುವ ಕಂಪನಿಯದೇ, ಅಂಗಡಿಯವನೇ ಕೂರಿಸಿಕೊಟ್ಟ. ಮೊದಮೊದಲು ಗುರಿಯ ಮೇಲೆ ಲೇಸರಿನ ಚುಕ್ಕೆ ಇದ್ದಲ್ಲೇ ಗುಂಡು ಬೀಳುತ್ತಿತ್ತು. ಈಗ ರೇಂಜಿಗೆ ಹೋಗಿ ಒಂದೆರಡು ಮ್ಯಾಗಜೀನ್ ಖಾಲಿಯಾಗುವಷ್ಟರಲ್ಲಿ ಗುಂಡುಗಳು ಚುಕ್ಕೆಯ ಎಡಕ್ಕೆ ಸರಿಯುತ್ತವೆ. ಆಲೆನ್ ಕೀ ಹಿಡಿದು ಲೇಸರಿನ ಸ್ಕ್ರೂ ತಿರುಗಿಸಿ ತಿದ್ದುತ್ತೇನೆ. ಮುಂದಿನ ಬಾರಿ ಮತ್ತೆ ಅದೇ ರಾಗ, ಅದೇ ತಾಳ.

ಇವು ಇಷ್ಟೇನಾ? ಇನ್ನೂರು ಡಾಲರಿಗಿಂತ ಹೆಚ್ಚು ಕೊಟ್ಟ ವಸ್ತು ಗುಂಡು ಹಾರುವಾಗಿನ ಪಿಸ್ತೂಲಿನ ಒದೆತವನ್ನೇ ತಾಳದಿದ್ದರೆ ಅದನ್ನು ಪಿಸ್ತೂಲಿಗೆಂದು ಮಾರುವುದೇಕೆ? ಯಾರ ಬಳಿಯಾದರೂ ವರ್ಷಗಟ್ಟಲೆ ಬಾಳಿದ ಲೇಸರ್ ಇದ್ದರೆ ಯಾವ ಬಗೆಯದು, ಹೇಗೆ ನೋಡಿಕೊಂಡಿರಿ ಎಂದು ತಿಳಿಸಿ.

ಮಾಜಿ_ಎನ್‌ಸಿಸಿ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀವು ಬಲಗೈಯವರೇ? ಬಲಗೈಯವರು ಟ್ರಿಗರನ್ನು ಕಿತ್ತರೆ ಗುಂಡು ಎಡಕ್ಕೆ, ಸ್ವಲ್ಪ ಕೆಳಕ್ಕೆ ಹೋಗುತ್ತದೆ. ಲೇಸರನ್ನು ಬೈಯುವ ಮೊದಲು ಬೆರಳನ್ನು ವಿಚಾರಿಸಿಕೊಳ್ಳಿ.

ರೌಂಡ್‌ರಾಕ್_ರಾಯ

ಬಲಗೈಯವನೇ ಸರ್. ಆದರೆ ಮಾಮೂಲಿ ಸೈಟಿನಲ್ಲಿ, ಅಂದರೆ ಪಿಸ್ತೂಲಿನ ಮೇಲಿರುವ ಗುರಿಗುರುತಿನಲ್ಲಿ, ಗುರಿಯಿಟ್ಟರೆ ಗುಂಡು ನಡುವಿಗೇ ಬೀಳುತ್ತದೆ. ಬೆರಳು ಅದೇ, ಪಿಸ್ತೂಲು ಅದೇ. ಲೇಸರಿಗೆ ಮಾತ್ರ ಎಡಕ್ಕೆ ಎಳೆಯುತ್ತೇನೆಯೇ?

ತಿರುಪು_ಬಿಗಿ

ಎಳೆಯಲೂಬಹುದು, ತಮಾಷೆಯಲ್ಲ. ಲೇಸರ್ ಇದ್ದಾಗ ಚುಕ್ಕೆ ಗುರಿಯ ಮೇಲೆ ನಡುಗುವುದು ಕಣ್ಣಿಗೆ ಕಾಣುತ್ತದೆ. ಅದು ನಡುವಿಗೆ ಬಂದ ಕ್ಷಣಕ್ಕೆ ಸರಿಯಾಗಿ ಟ್ರಿಗರ್ ಕೀಳೋಣ ಎಂದು ಮನಸ್ಸು ಹವಣಿಸುತ್ತದೆ. ಮಾಮೂಲಿ ಸೈಟಿನಲ್ಲೂ ಅದೇ ನಡುಕ ಇರುತ್ತದೆ, ಕಾಣುವುದಿಲ್ಲ, ಅಷ್ಟೇ. ಆದರೆ ಮೊದಲು ಸರಿಯಿದ್ದು ಈಗ ಪ್ರತಿ ಬಾರಿಯೂ ಒಂದೇ ದಿಕ್ಕಿಗೆ ಸರಿಯುತ್ತಿದೆ ಎಂದರೆ ನನ್ನ ಅನುಮಾನ ಲೇಸರನ್ನು ಹಿಡಿದಿಟ್ಟಿರುವ ಹಿಡಿತದ ಮೇಲೆ.

ಲೆಕ್ಕ ನೋಡಿ. ಲೇಸರ್ ಪೆಟ್ಟಿಗೆಯ ಉದ್ದ ಸುಮಾರು 50 ಮಿ.ಮೀ. ಎಂದುಕೊಳ್ಳಿ. ಅದರ ಒಂದು ತುದಿ ರೈಲಿನಲ್ಲಿ 0.1 ಮಿ.ಮೀ. ಸರಿದರೂ ಸಾಕು, 10 ಮೀಟರ್ ದೂರದಲ್ಲಿ ಚುಕ್ಕೆ 20 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. 0.1 ಮಿ.ಮೀ. ಎಂದರೆ ಒಂದು ಹಾಳೆಯ ದಪ್ಪ. ಒಳಗೆ ಬೆಳಕು ಹುಟ್ಟಿಸುವ ಡಯೋಡಿಗೆ ಏನೂ ಆಗಿಲ್ಲ, ಲೆನ್ಸಿಗೆ ಏನೂ ಆಗಿಲ್ಲ, ಹೊರಗಿನ ಹಿಡಿತದಲ್ಲಿ ಒಂದು ಹಾಳೆಯಷ್ಟು ಸಡಿಲ. ಅಷ್ಟಕ್ಕೇ ನಿಮ್ಮ ಗುರಿ ಕೆಟ್ಟಿತು. ಇದನ್ನು ಬಿಟ್ಟು ವಾರವಾರವೂ ಆಲೆನ್ ಕೀ ತಿರುಗಿಸುವುದು ಸೋರುವ ನಲ್ಲಿಯ ಕೆಳಗೆ ಬಕೆಟ್ ಇಟ್ಟಂತೆ.

ಒಂದು ಕೆಲಸ ಮಾಡಿ. ಮ್ಯಾಗಜೀನ್ ತೆಗೆದು, ಚೇಂಬರ್ (ಗುಂಡು ಕೂರುವ ಜಾಗ) ಖಾಲಿಯಿದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಂಡ ಮೇಲೆ ಲೇಸರನ್ನು ಹೆಬ್ಬೆರಳಿನಿಂದ ಹಿಂದೆ ಮುಂದೆ, ಆ ಪಕ್ಕ ಈ ಪಕ್ಕ ದೂಡಿ ನೋಡಿ. ಅಲುಗಿದರೆ ಉತ್ತರ ಸಿಕ್ಕಿತು.

ಮರಳುಗಾಡಿನ_ಗೌಡ

ಬಾಳಿಕೆಯ ಮಾತು ಬಂದಾಗ ಎಲ್ಲರೂ ಒದೆತವನ್ನೇ ಹೇಳುತ್ತಾರೆ, ಬಿಸಿಲನ್ನು ಯಾರೂ ಹೇಳುವುದಿಲ್ಲ. ಫೀನಿಕ್ಸಿನಲ್ಲಿ ಬೇಸಿಗೆಯ ಮಧ್ಯಾಹ್ನ 45 ಡಿಗ್ರಿ ಮುಟ್ಟುವುದು ಹೊಸತಲ್ಲ. ಬಾಗಿಲು ಹಾಕಿದ ಕಾರಿನೊಳಗೆ ಇನ್ನೂ ಎಷ್ಟೋ ಹೆಚ್ಚು. ನನ್ನ ಹಸಿರು ಲೇಸರನ್ನು ಹೊತ್ತು ಇಳಿದ ಮೇಲೆ ಕಾರಿನಿಂದ ತೆಗೆದು ಹಚ್ಚಿದರೆ ಚುಕ್ಕೆ ಮಂಕಾಗಿ, ಬಂದೂ ಬಾರದ ಹಾಗೆ ಇರುತ್ತಿತ್ತು. ಮನೆಯೊಳಗೆ ತಣ್ಣಗಾದ ಮೇಲೆ ಮತ್ತೆ ಮೊದಲಿನ ಹಾಗೆ. ಕಂಪನಿಗೆ ಬರೆದರೆ “ಬ್ಯಾಟರಿ ಬದಲಿಸಿ” ಎಂಬ ಒಂದೇ ಸಾಲಿನ ಉತ್ತರ. ಹೆಸರು ಹೇಳುವುದಿಲ್ಲ, ಹೇಳಿದರೆ ಮೇಲ್ವಿಚಾರಕರು ಅಳಿಸುತ್ತಾರೆ.

ಮೇಲ್ವಿಚಾರಕ

ಅಳಿಸುತ್ತೇನೆ.

ಮಿನೆಸೋಟದ_ಮಂಜು

ಇಲ್ಲಿ ಅದೇ ಕಥೆ ತಿರುಗುಮುರುಗು. ಜನವರಿಯಲ್ಲಿ ಹಸಿರು ಲೇಸರ್ ಹಚ್ಚಿದರೆ ಕೆಲವು ಕ್ಷಣ ಏನೂ ಬರುವುದಿಲ್ಲ. ಆಮೇಲೆ ನಿಧಾನವಾಗಿ ಕಣ್ಣು ಬಿಡುತ್ತದೆ. ಕೆಂಪಿಗೆ ಈ ತಂಟೆಯಿಲ್ಲ. ಹಸಿರು ಹಸಿರು ಎಂದು ಜನ ಏಕೆ ಮುಗಿಬೀಳುತ್ತಾರೋ.

ಬೆಳಕಿನ_ಬೆನ್ನಟ್ಟಿ

ಗೌಡರೇ, ಮಂಜು ಅವರೇ, ನಿಮ್ಮಿಬ್ಬರದೂ ಹಳೆಯ ತರಹದ ಹಸಿರು ಲೇಸರ್ ಇರಬೇಕು. ಹಸಿರಿನಲ್ಲಿ ಎರಡು ಜಾತಿ. ಹಳೆಯದರಲ್ಲಿ ಹಸಿರು ಬೆಳಕು ನೇರವಾಗಿ ಹುಟ್ಟುವುದೇ ಇಲ್ಲ. 808 ನ್ಯಾನೋಮೀಟರ್ ಅಲೆಯುದ್ದದ ಅವಗೆಂಪು ಡಯೋಡ್ ಒಂದು ಹರಳಿಗೆ ಶಕ್ತಿ ತುಂಬುತ್ತದೆ. ಆ ಹರಳಿನಿಂದ 1064 ನ್ಯಾನೋಮೀಟರಿನ ಬೆಳಕು ಹೊರಡುತ್ತದೆ, ಅದೂ ಕಣ್ಣಿಗೆ ಕಾಣದ್ದು. ಇನ್ನೊಂದು ಹರಳು ಅದರ ಅಲೆಯುದ್ದವನ್ನು ಅರ್ಧಕ್ಕೆ ಇಳಿಸಿ 532 ಮಾಡುತ್ತದೆ. ನಮಗೆ ಕಾಣುವ ಹಸಿರು ಅದು. ಇಷ್ಟೂ ಭಾಗಗಳು ಬೆರಳಿನ ತುದಿಯಷ್ಟು ಜಾಗದಲ್ಲಿ ಒಂದಕ್ಕೊಂದು ಸರಿಯಾಗಿ ಕೂತಿರಬೇಕು. ಡಯೋಡ್ ಬಿಸಿಯಾದರೂ ತಣ್ಣಗಾದರೂ ಅದರ 808 ಆಚೀಚೆ ಸರಿಯುತ್ತದೆ, ಹರಳಿಗೆ ಅದು ಹಿಡಿಸುವುದಿಲ್ಲ, ಹಸಿರು ಮಂಕಾಗುತ್ತದೆ. ಸುಮಾರು 0ರಿಂದ 40 ಡಿಗ್ರಿಯೊಳಗೆ ಇವು ನೆಮ್ಮದಿಯಾಗಿರುತ್ತವೆ. ಫೀನಿಕ್ಸಿನ ಕಾರೂ ಮಿನೆಸೋಟದ ಜನವರಿಯೂ ಆ ಗಡಿಯ ಆಚೆಗೆ. ಒದೆತದ ವಿಷಯದಲ್ಲೂ ಅಷ್ಟೇ: ಅಂಟಿಸಿ ಕೂರಿಸಿದ ಹರಳುಗಳಿರುವ ಕಡೆ ಕೆಡಲು ಒಂದು ಜಾಗ ಹೆಚ್ಚು.

ಹೊಸ ಜಾತಿಯಲ್ಲಿ ಡಯೋಡೇ 515ರಿಂದ 520ರ ಆಸುಪಾಸಿನ ಹಸಿರನ್ನು ನೇರವಾಗಿ ಕೊಡುತ್ತದೆ. ಹರಳುಗಳ ಜಂಜಾಟವಿಲ್ಲ. ಬಿಸಿಲು ಚಳಿ ಎರಡನ್ನೂ ಹೆಚ್ಚು ತಡೆಯುತ್ತದೆ. ಪೆಟ್ಟಿಗೆಯ ಮೇಲೆ 532 ಎಂದಿದ್ದರೆ ಹಳೆಯದು, 520 ಎಂದಿದ್ದರೆ ಹೊಸದು. ಕೊಳ್ಳುವ ಮುನ್ನ ಈ ಒಂದು ಸಂಖ್ಯೆ ನೋಡಿ.

ಮಂಜು ಅವರ ಕೊನೆಯ ಪ್ರಶ್ನೆಗೆ: ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 555ರ ಸುತ್ತ. ಒಂದೇ ಶಕ್ತಿಯ ಬೆಳಕಿನಲ್ಲಿ 532ರ ಹಸಿರು 635ರ ಕೆಂಪಿಗಿಂತ ಸುಮಾರು ನಾಲ್ಕು ಪಟ್ಟು ಹೊಳಪಾಗಿ ಕಾಣುತ್ತದೆ. ಅಮೆರಿಕದಲ್ಲಿ ಇಂಥವುಗಳ ಶಕ್ತಿ 5 ಮಿಲಿವ್ಯಾಟಿನ ಒಳಗೇ ಇರಬೇಕೆಂಬ ಮಿತಿ ಇರುವುದರಿಂದ ಬಿಸಿಲಿನಲ್ಲಿ ಕಾಣಬೇಕೆಂದರೆ ಕಂಪನಿಗಳಿಗೆ ಉಳಿದದ್ದು ಬಣ್ಣ ಬದಲಿಸುವ ದಾರಿ. ಕೆಂಪಿನಲ್ಲೂ ಭೇದವಿದೆ. 635ರದು 650ರದಕ್ಕಿಂತ ಸುಮಾರು ಎರಡು ಪಟ್ಟು ಹೊಳಪು. ಅಗ್ಗದವು ಹೆಚ್ಚಾಗಿ 650.

ಸುಮ್ಮನಿರಲಾರೆ

ಇಷ್ಟೆಲ್ಲ ಭೌತಶಾಸ್ತ್ರ ಓದಿದ ಮೇಲೂ ನನಗೆ ಅರ್ಥವಾಗದ್ದು ಒಂದೇ. ಸಾಫ್ಟ್‌ವೇರ್ ಬರೆದುಕೊಂಡು, ವಾರಾಂತ್ಯಕ್ಕೆ ಕನ್ನಡ ಶಾಲೆಗೆ ಮಕ್ಕಳನ್ನು ಬಿಟ್ಟು ಬರುವ ನಮಗೆ ಪಿಸ್ತೂಲೇಕೆ, ಅದಕ್ಕೆ ದೀಪವೇಕೆ?

ಮರಳುಗಾಡಿನ_ಗೌಡ

ಮೇಡಂ, ಕೆಲವರಿಗೆ ಸಿತಾರ್, ಕೆಲವರಿಗೆ ಗಾಲ್ಫ್.

ಸುಮ್ಮನಿರಲಾರೆ

ಸಿತಾರ್ ಹಠಾತ್ತನೆ ಸಿಡಿದು ಪಕ್ಕದ ಮನೆಯ ಗೋಡೆ ಸೀಳುವುದಿಲ್ಲ, ಗೌಡರೇ.

ಮೇಲ್ವಿಚಾರಕ

ಬೇಕೋ ಬೇಡವೋ ಎಂಬ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ರಕ್ತಪಾತವಾಗಿದೆ. ಇಲ್ಲಿ ಬಾಳಿಕೆಯ ಮಾತು ಮಾತ್ರ.

ಹಳೇ_ರಿವಾಲ್ವರ್

ರಾಯರ ಕಡೆಯ ಪ್ರಶ್ನೆಗೆ ನನ್ನ ಉತ್ತರ. ನನ್ನ ಬಳಿ ಇರುವುದು ಐದು ಗುಂಡಿನ ಚಿಕ್ಕ .38 ರಿವಾಲ್ವರ್, ಅಲ್ಯೂಮಿನಿಯಂ ಚೌಕಟ್ಟು, ತೂಕ ಅರ್ಧ ಕಿಲೋ ಕೂಡ ಇಲ್ಲ. ಹಗುರ ಇದ್ದಷ್ಟೂ ಒದೆತ ಹೆಚ್ಚು. ಇದನ್ನು ಹಾರಿಸಿದರೆ ಅಂಗೈಗೆ ಯಾರೋ ಬೆತ್ತದಲ್ಲಿ ಹೊಡೆದ ನೋವು. ಅದಕ್ಕೆ ಹಿಡಿಯೊಳಗೇ ಲೇಸರ್ ಅಡಗಿರುವ ಕ್ರಿಮ್ಸನ್ ಟ್ರೇಸ್ ಹಿಡಿ ಹಾಕಿದ್ದೇನೆ. ಹತ್ತು ವರ್ಷದ ಮೇಲಾಯಿತು, ಇನ್ನೂ ಉರಿಯುತ್ತಿದೆ. ಆ ಕಂಪನಿ 1994ರಲ್ಲಿ ಆರೆಗಾನಿನಲ್ಲಿ ಶುರುವಾದದ್ದು. 2016ರಲ್ಲಿ ಅದನ್ನು ಸ್ಮಿತ್ ಆ್ಯಂಡ್ ವೆಸನ್ ಕೊಂಡಿತು.

ಹಿಡಿಯ ಲೇಸರಿನಲ್ಲಿ ನನಗೆ ಮೆಚ್ಚುಗೆಯಾದದ್ದು, ಅದು ಚೌಕಟ್ಟನ್ನು ತಬ್ಬಿಕೊಂಡು ಕೂರುತ್ತದೆ, ರೈಲಿನ ತುದಿಯಲ್ಲಿ ನೇತಾಡುವುದಿಲ್ಲ. ಗುಂಡಿಯೂ ನಡುಬೆರಳು ಒತ್ತುವ ಜಾಗದಲ್ಲೇ ಇದೆ, ಹಿಡಿದರೆ ಹತ್ತುತ್ತದೆ. ಚುಕ್ಕೆ ಸರಿದದ್ದು ಬಹಳ ಅಪರೂಪ.

ಆದರೆ ಬೇರೆ ಕಾಟ ಇದೆ. ರಿವಾಲ್ವರಿನ ಸಿಲಿಂಡರಿಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದೆಯಲ್ಲ, ಪ್ರತಿ ಗುಂಡಿಗೂ ಅಲ್ಲಿಂದ ಬಿಸಿ ಅನಿಲ, ಮಸಿ, ಸೀಸದ ಕಣಗಳು ಪಕ್ಕಕ್ಕೆ ಚಿಮ್ಮುತ್ತವೆ. ಲೇಸರಿನ ಕಣ್ಣು ಸಿಲಿಂಡರಿನ ಹಿಂದೆ ಬಲಗಡೆ ಇದೆ, ಮಸಿ ಸುಳಿದು ಬಂದು ಅದರ ಮೇಲೂ ಕೂರುತ್ತದೆ. ಒಂದು ಮಧ್ಯಾಹ್ನದ ಅಭ್ಯಾಸ ಮುಗಿಯುವಷ್ಟರಲ್ಲಿ ದುಂಡಗಿದ್ದ ಚುಕ್ಕೆ ಬಾಲಬಂದ ನಕ್ಷತ್ರದ ಹಾಗಾಗಿರುತ್ತದೆ. ಅನೇಕರು ಇದನ್ನೇ “ಲೇಸರ್ ಸತ್ತಿತು” ಎಂದು ತಿಳಿದು ಎಸೆಯುತ್ತಾರೆ. ಹತ್ತಿ ಸುತ್ತಿದ ಕಡ್ಡಿಯ ತುದಿಗೆ ಒಂದು ಹನಿ ಆಲ್ಕೋಹಾಲ್ ಮುಟ್ಟಿಸಿ ಮೆಲ್ಲಗೆ ತಿರುವಿದರೆ ಮಸಿ ಬಿಡುತ್ತದೆ. ನಳಿಗೆ ತೊಳೆಯುವ ಕಟು ದ್ರಾವಣವನ್ನು ಮಾತ್ರ ಅಲ್ಲಿಗೆ ತಾಗಿಸಬೇಡಿ, ಪ್ಲಾಸ್ಟಿಕ್ ಲೆನ್ಸ್ ಆದರೆ ಬೆಳ್ಳಗಾಗಿಬಿಡುತ್ತದೆ.

ಜೇಬಿನಲ್ಲಿ ಇಟ್ಟುಕೊಳ್ಳುವವರಿಗೆ ಮಸಿಯ ಜೊತೆಗೆ ಬಟ್ಟೆಯ ಜುಂಗು. ಅದೂ ಆ ಸಣ್ಣ ತೂತಿನಲ್ಲೇ ಹೋಗಿ ಸೇರಬೇಕು.

ತಿರುಪು_ಬಿಗಿ

ಜುಂಗಿನ ಮಾತು ಬಂತಲ್ಲ, ನನ್ನ ಗೆಳೆಯನ ಮನೆಯ ಕಥೆ ಕೇಳಿ. ತುಮಕೂರಿನಿಂದ ಅವನ ಮಾವ ಬಂದಿದ್ದರು. ಆಯುಧಪೂಜೆಯ ದಿನ ಕಾರು, ಲ್ಯಾಪ್‌ಟಾಪು, ಮಿಕ್ಸಿ ಎಲ್ಲಕ್ಕೂ ಪೂಜೆಯಾಯಿತು. ಅಳಿಯ ಖಾಲಿ ಮಾಡಿಟ್ಟಿದ್ದ ಪಿಸ್ತೂಲನ್ನೂ ಮಣೆಯ ಮೇಲೆ ಇಟ್ಟರು. ನಿಜವಾದ ಆಯುಧ ಅದೊಂದೇ ಆದ್ದರಿಂದ ಮಾವನವರು ಅದಕ್ಕೆ ವಿಶೇಷ ಆಸ್ಥೆ ವಹಿಸಿ, ಗಂಧ ತೇಯ್ದು, ಸರಿಯಾಗಿ “ಹಣೆ” ಹುಡುಕಿ ಬೊಟ್ಟಿಟ್ಟು ಮೇಲೆ ಕುಂಕುಮ ಒತ್ತಿದರು. ಅವರಿಗೆ ಹಣೆಯಾಗಿ ಕಂಡದ್ದು ಲೇಸರಿನ ಕಣ್ಣು. ಗಂಧ ಒಣಗಿ ಗಟ್ಟಿಯಾಯಿತು. ರೇಂಜಿಗೆ ಹೋಗಿ ಹಚ್ಚಿದರೆ ಚುಕ್ಕೆಯೇ ಇಲ್ಲ, ಲೇಸರಿನ ಬಾಯಿ ಮಾತ್ರ ಕೆಂಡದ ಬಣ್ಣಕ್ಕೆ ಹೊಳೆಯುತ್ತಿತ್ತು. ಅಲ್ಲಿನ ಅಧಿಕಾರಿ ಬಂದು ನೋಡಿ, ಇದು ಯಾವ ಕಂಪನಿಯ ಲೋಪ ಎಂದು ಕೇಳಿದನಂತೆ.

ಹಳೇ_ರಿವಾಲ್ವರ್

ಅಯ್ಯೋ! ಬೆಚ್ಚಗಿನ ನೀರಿನ ಹನಿಯಿಟ್ಟು ನೆನೆಸಿದರೆ ಗಂಧ ಬಿಡುತ್ತದೆ. ಕೆರೆದರೆ ಲೆನ್ಸ್ ಹೋಯಿತು.

ಕಾಫಿ_ಹೂ

ಕೊಡಗಿನಿಂದ ಬರೆಯುತ್ತಿದ್ದೇನೆ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ನಾವೂ ಕೋವಿಗೆ ಪೂಜೆ ಮಾಡುತ್ತೇವೆ. ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸುತ್ತೇವೆ, ಗಂಧವನ್ನು ತಿಳಿದ ಕಡೆ ಇಡುತ್ತೇವೆ.

ನನ್ನ ಪ್ರಶ್ನೆ ಇದು. ನನ್ನ ಬಳಿ ಲೈಸೆನ್ಸ್ ಇರುವ ಕಾನ್ಪುರದ .32 ರಿವಾಲ್ವರ್ ಇದೆ. ಅಣ್ಣನ ಮಗ ಚಿಕಾಗೋದಲ್ಲಿದ್ದಾನೆ, ಡಿಸೆಂಬರಿಗೆ ಬರುತ್ತಾನೆ. ಒಂದು ಲೇಸರ್ ತರಲು ಹೇಳಬಹುದೇ? ನಮ್ಮ ಮಳೆಗೆ ಅದು ಬಾಳುತ್ತದೆಯೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ನಮ್ಮದು.

ಮಾಜಿ_ಎನ್‌ಸಿಸಿ

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ?

ಕಾಫಿ_ಹೂ

ಎಲ್ಲರೂ ಅರ್ಧ ತಿಳಿದು ಹೇಳುವ ಮಾತು ಇದು. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಜಮೀನಿನ ಹಿಡುವಳಿದಾರರಿಗೂ ವಿನಾಯಿತಿ ಇರುವುದು ಕೋವಿಗೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ರಿವಾಲ್ವರ್, ಪಿಸ್ತೂಲಿಗೆ ಎಲ್ಲರ ಹಾಗೆ ಲೈಸೆನ್ಸ್ ಬೇಕೇ ಬೇಕು. ಪ್ರತಿ ಚುನಾವಣೆಗೂ ಠಾಣೆಗೆ ಒಯ್ದು ಠೇವಣಿ ಇಡುವ ಯೋಗವೂ ನಮ್ಮದೇ.

ಬೆಳಕಿನ_ಬೆನ್ನಟ್ಟಿ

ಅಣ್ಣನ ಮಗನ ಸೂಟ್‌ಕೇಸಿಗೆ ಅದನ್ನು ಹಾಕಿಸಬೇಡಿ ಸರ್. ಬಂದೂಕಿಗೆಂದೇ ಮಾಡಿದ ಲೇಸರ್ ಸೈಟುಗಳು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿವೆ. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು ಎಂಬುದು ಬೇರೆ, ದೇಶದಿಂದ ಹೊರಗೆ ಒಯ್ಯುವುದು ಬೇರೆ. ಇತ್ತ ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ಸಿಕ್ಕಿದರೆ ಹುಡುಗನ ರಜೆಯೆಲ್ಲ ಅಲ್ಲೇ ಕಳೆಯುತ್ತದೆ. ಬೇಕೇ ಬೇಕೆಂದರೆ ಮೊದಲು ನಿಮಗೆ ಲೈಸೆನ್ಸ್ ಕೊಟ್ಟವರನ್ನೇ ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ತಿರುಪು_ಬಿಗಿ

ತಂದರೂ ಕೂರಿಸುವುದೆಲ್ಲಿ? ಕಾನ್ಪುರದ .32ಗೆ ರೈಲೇ ಇಲ್ಲ. ಆಗ ಉಳಿಯುವುದು ಟ್ರಿಗರ್ ಗಾರ್ಡಿಗೆ ಬಿಗಿಯುವ “ಎಲ್ಲಕ್ಕೂ ಹೊಂದುತ್ತದೆ” ಎನ್ನುವ ಕ್ಲಾಂಪ್. ಎಲ್ಲಕ್ಕೂ ಹೊಂದುವುದು ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ನಾಲ್ಕು ಗುಂಡಿಗೆ ಒಂದು ಕಡೆ ಜಾರುತ್ತದೆ. ಅದರ ಸ್ಕ್ರೂ ಟ್ರಿಗರಿನ ಹತ್ತಿರ ಬಂದರೆ ಇನ್ನೂ ಅಪಾಯ.

ಮಳೆಯ ಬಗ್ಗೆ ಕೇಳಿದಿರಿ. ಐಪಿಎಕ್ಸ್4 ಎಂದು ಬರೆದಿದ್ದರೆ ನೀರು ಎರಚಿದರೆ ತಡೆಯುತ್ತದೆ ಎಂದಷ್ಟೇ ಅರ್ಥ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ. ಎರಡೂ ಹೊಸದಾಗಿದ್ದಾಗಿನ ಮಾತು. ಬ್ಯಾಟರಿ ಮುಚ್ಚಳದ ರಬ್ಬರ್ ಬಳೆ ಒಣಗಿ ಬಿರುಕು ಬಿಟ್ಟ ಮೇಲೆ ಆ ಅಕ್ಷರಗಳಿಗೆ ಬೆಲೆಯಿಲ್ಲ. ನಿಮ್ಮ ಊರಿನ ತೊಂದರೆ ಮಳೆ ಹನಿಯಲ್ಲ, ತಿಂಗಳುಗಟ್ಟಲೆ ಗಾಳಿಯಲ್ಲೇ ಇರುವ ತೇವ. ಅದು ಬ್ಯಾಟರಿಯ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಸುತ್ತದೆ.

ಕಾಫಿ_ಹೂ

ಹಾಗಾದರೆ ಬೇಡ ಬಿಡಿ. ಅವನ ಕೈಯಲ್ಲಿ ಒಳ್ಳೆಯ ಟಾರ್ಚ್ ತರಿಸುತ್ತೇನೆ. ಆನೆ ಬಂದರೆ ಹೇಗೂ ರಿವಾಲ್ವರ್ ಕೆಲಸಕ್ಕೆ ಬಾರದು.

ಹೊಸಬ_ಜರ್ಸಿ

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬಂದು ಒಂದು ವರ್ಷವಾಯಿತು. ಕಚೇರಿಯ ಗೆಳೆಯರು ರೇಂಜಿಗೆ ಕರೆಯುತ್ತಿದ್ದಾರೆ. ಒಂದು ಪಿಸ್ತೂಲು ಲೇಸರ್ ಸಮೇತ ಕೊಳ್ಳೋಣ ಎಂದುಕೊಂಡಿದ್ದೇನೆ. ಯಾವುದು ಒಳ್ಳೆಯದು?

ರೌಂಡ್‌ರಾಕ್_ರಾಯ

ತಮ್ಮಾ, ಮೊದಲು ನಿಲ್ಲು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ನಿನ್ನಂಥ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಅಪರಾಧ. ಬೇಟೆಯ ಲೈಸೆನ್ಸ್ ಇರುವವರಿಗೆ ಎಂಬಂಥ ಕೆಲವು ವಿನಾಯಿತಿಗಳಿವೆ, ಆದರೆ ಅದನ್ನು ವಕೀಲರ ಬಾಯಿಂದ ಕೇಳು, ನಮ್ಮ ಬಾಯಿಂದಲ್ಲ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರಿನಿಂದ ಪರವಾನಗಿ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು ಎಂದು ಯಾರಾದರೂ ಹೇಳಿದರೆ ನಂಬಿ ಕುಣಿಯಬೇಡ. ಅದು ಪಿಸ್ತೂಲು ಇಟ್ಟುಕೊಳ್ಳಲು ಕಾನೂನಿನ ಅನುಮತಿ ಇರುವವರಿಗೆ ಮಾತ್ರ. ಗ್ರೀನ್ ಕಾರ್ಡ್ ಬರಲಿ.

ಹೊಸಬ_ಜರ್ಸಿ

ಗ್ರೀನ್ ಕಾರ್ಡ್ ಬರುವಷ್ಟರಲ್ಲಿ ಲೇಸರ್ ಹಿಡಿದರೂ ಗುರಿ ಕಾಣದ ವಯಸ್ಸಾಗಿರುತ್ತದೆ.

ಸುಮ್ಮನಿರಲಾರೆ

ಈ ಎಳೆಯಲ್ಲಿ ನಾನು ಒಪ್ಪಿದ ಮೊದಲ ಮಾತು.

ಮಾಜಿ_ಎನ್‌ಸಿಸಿ

ಲೇಸರಿನ ಬಾಳಿಕೆ ಹೆಚ್ಚಿಸುವ ಉಪಾಯ ನಾನು ಹೇಳುತ್ತೇನೆ: ಹಾಕಬೇಡಿ. ಹಿಂದಿನ ಸೈಟು, ಮುಂದಿನ ಸೈಟು, ಗುರಿ. ಇದಕ್ಕೆ ಬ್ಯಾಟರಿ ಬೇಡ, 555 ಬೇಡ, ಗಂಧ ಕುಂಕುಮ ಬಿದ್ದರೂ ಚಿಂತೆಯಿಲ್ಲ. ಚುಕ್ಕೆ ಎಲ್ಲಿದೆ ಎಂದು ಗೋಡೆಯ ಮೇಲೆಲ್ಲ ಹುಡುಕುವವರನ್ನು ರೇಂಜಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಹಳೇ_ರಿವಾಲ್ವರ್

ಸರ್, ಅರವತ್ತು ದಾಟಿದ ಕಣ್ಣಿಗೆ ಹಿಂದಿನ ಸೈಟು ಕಂಡರೆ ಮುಂದಿನದು ಮಂಜು, ಮುಂದಿನದು ಕಂಡರೆ ಗುರಿ ಮಂಜು. ಬೈಫೋಕಲ್ ಹಾಕಿಕೊಂಡು ಕತ್ತು ಎತ್ತಿ ಇಳಿಸಿ ನೋಡುವುದರೊಳಗೆ ಬೆಳಗಾಗುತ್ತದೆ. ಲೇಸರಿನಲ್ಲಿ ನಾನು ನೋಡಬೇಕಾದದ್ದು ಗುರಿಯನ್ನು ಮಾತ್ರ. ನಿಮಗೂ ಆ ವಯಸ್ಸು ಬರುತ್ತದೆ.

ಮಾಜಿ_ಎನ್‌ಸಿಸಿ

ಬಂದಾಗಿದೆ. ಅದಕ್ಕೇ ಕೋಪ.

ಬೆಳಕಿನ_ಬೆನ್ನಟ್ಟಿ

ಇಬ್ಬರ ಮಾತಿಗೂ ಸಂಬಂಧಿಸಿದ್ದು ಒಂದು ಹೇಳಬೇಕು. 1970ರ ದಶಕದ ಕೊನೆಯಲ್ಲಿ ಕೈಬಂದೂಕಿಗೆ ಲೇಸರ್ ಹಾಕಲು ಹೊರಟವರ ಬಳಿ ಇದ್ದದ್ದು ಹೀಲಿಯಂ-ನಿಯಾನ್ ಲೇಸರ್, ಅಂದರೆ ಅನಿಲ ತುಂಬಿದ ಗಾಜಿನ ಕೊಳವೆ. ಅದಕ್ಕೆ ಸಾವಿರಾರು ವೋಲ್ಟ್ ಬೇಕು. ಪಿಸ್ತೂಲಿಗಿಂತ ಲೇಸರೇ ದಪ್ಪ. ಗಾಜಿನ ಕೊಳವೆಯನ್ನು ಒದೆಯುವ ಯಂತ್ರದ ಮೇಲೆ ಕೂರಿಸಿದರೆ ಬಾಳಿಕೆಯ ಚಿಂತೆ ಸಹಜವೇ. ಇಂದಿನದು ಸಾಸಿವೆಗಿಂತ ಚಿಕ್ಕ ಅರೆವಾಹಕದ ಚೂರು. ಅದನ್ನು ಒದೆತ ಕೊಲ್ಲುವುದಿಲ್ಲ. ಡಯೋಡುಗಳ ಆಯುಸ್ಸನ್ನು ಸಾವಿರಾರು ಗಂಟೆಗಳಲ್ಲಿ ಎಣಿಸುತ್ತಾರೆ. ನೀವು ಒಮ್ಮೆಗೆ ಹಚ್ಚುವುದು ಕೆಲವು ಸೆಕೆಂಡು.

ಸಾಯುವುದು ಅದರ ಸುತ್ತಲಿನ ಬಡಪಾಯಿಗಳು: ಬೆಸುಗೆಯ ಬಿಂದು, ಕೂದಲಿನಷ್ಟು ತೆಳುವಾದ ತಂತಿ, ಒತ್ತುಗುಂಡಿಯ ರಬ್ಬರು, ಬ್ಯಾಟರಿಯ ಸ್ಪ್ರಿಂಗು. ಗುಂಡು ಹಾರಿದಾಗಲೆಲ್ಲ ಬ್ಯಾಟರಿ ಹಿಂದೆ ಮುಂದೆ ಬಡಿದು ಸ್ಪ್ರಿಂಗನ್ನು ಒತ್ತುತ್ತದೆ. ಸ್ಪ್ರಿಂಗ್ ಸೊರಗಿದರೆ ಗುಂಡು ಹಾರಿದ ಕ್ಷಣ ಚುಕ್ಕೆ ಕಣ್ಣು ಮಿಟುಕಿಸುತ್ತದೆ. ಆ ಮಿಟುಕು ಕಂಡರೆ ಲೇಸರ್ ಬದಲಿಸುವ ಮೊದಲು ಬ್ಯಾಟರಿ ತೆಗೆದು, ಎರಡೂ ತುದಿಯನ್ನು ಒಣ ಬಟ್ಟೆಯಿಂದ ಒರೆಸಿ, ಸ್ಪ್ರಿಂಗ್ ಪರೀಕ್ಷಿಸಿ.

ಮರಳುಗಾಡಿನ_ಗೌಡ

ನಾನು ಇದಕ್ಕೆ ಸೇರಿಸುವುದು: ಯುಎಸ್‌ಬಿಯಿಂದ ಚಾರ್ಜ್ ಮಾಡುವ ಅಗ್ಗದ ಲೇಸರುಗಳನ್ನು ಕೊಳ್ಳಬೇಡಿ. ಒಳಗಿನ ಬ್ಯಾಟರಿ ಅಂಟಿಸಿ ಮುಚ್ಚಿರುತ್ತಾರೆ. ಮೊಬೈಲಿನ ಬ್ಯಾಟರಿ ಸೊರಗುವ ಹಾಗೆ ಅದೂ ಸೊರಗುತ್ತದೆ, ಬಿಸಿಲಿನ ಊರಿನಲ್ಲಿ ಇನ್ನೂ ಬೇಗ. ಆಮೇಲೆ ಲೇಸರ್ ಚೆನ್ನಾಗಿದ್ದರೂ ಕಸದ ಬುಟ್ಟಿಗೆ. ಸಿಆರ್123 ಅಥವಾ ಸಿಆರ್2032 ಹಾಕುವ ಮಾದರಿಯಾದರೆ ಹತ್ತು ವರ್ಷದ ನಂತರವೂ ಬ್ಯಾಟರಿ ಸಿಗುತ್ತದೆ, ಬೀರುವಿನಲ್ಲೇ ವರ್ಷಗಟ್ಟಲೆ ಕೆಡದೆ ಇರುತ್ತದೆ.

ಮಿನೆಸೋಟದ_ಮಂಜು

ಒಪ್ಪಿದೆ. ಆದರೆ ಕೊಳ್ಳುವ ಮುನ್ನ ಇನ್ನೊಂದು ಕೇಳಿಕೊಳ್ಳಿ: ಬ್ಯಾಟರಿ ಬದಲಿಸಲು ಲೇಸರನ್ನು ಪಿಸ್ತೂಲಿನಿಂದ ಕಳಚಬೇಕೇ? ಕಳಚಬೇಕಾದ ಮಾದರಿಯಲ್ಲಿ ಪ್ರತಿ ಬ್ಯಾಟರಿಗೂ ಹೊಸದಾಗಿ ಝೀರೋ ಮಾಡಬೇಕು, ಅಂದರೆ ಗುಂಡು ಬೀಳುವಲ್ಲಿಗೆ ಚುಕ್ಕೆಯನ್ನು ಹೊಂದಿಸಬೇಕು. ಕಳಚದೆ ಪಕ್ಕದಿಂದಲೋ ಮುಂದಿನಿಂದಲೋ ಬ್ಯಾಟರಿ ಹಾಕುವ ಮಾದರಿಗಳೂ ಇವೆ.

ಲೇಸರ್‌ಮ್ಯಾಕ್ಸ್ ಕಂಪನಿಯವರು ಪಿಸ್ತೂಲಿನ ಒಳಗಿನ ಗೈಡ್ ರಾಡಿನ (ನಳಿಗೆಯ ಕೆಳಗಿನ ಸ್ಪ್ರಿಂಗ್ ಹಿಡಿಯುವ ಸರಳಿನ) ಜಾಗದಲ್ಲೇ ಲೇಸರ್ ಇಟ್ಟರಲ್ಲ, ಅದನ್ನು ಯಾರಾದರೂ ಬಳಸಿದ್ದೀರಾ?

ತಿರುಪು_ಬಿಗಿ

ಬಳಸಿದ್ದೇನೆ. ಜಾಣ ವಿನ್ಯಾಸ. ಹೊರಗೆ ಏನೂ ಚಾಚಿಕೊಂಡಿಲ್ಲ, ಮಾಮೂಲಿ ಹೋಲ್‌ಸ್ಟರೇ ಸಾಕು, ಕೆಳಗೆ ಬಿದ್ದರೂ ಪೆಟ್ಟಾಗುವುದಿಲ್ಲ. ಮಸಿಯ ಮಟ್ಟಿಗೆ ಮಾತ್ರ ಅಗ್ನಿಪರೀಕ್ಷೆ, ಏಕೆಂದರೆ ಅದರ ಕಣ್ಣು ನಳಿಗೆಯ ಬಾಯಿಯ ಕೆಳಗೇ ಇದೆ. ನಮ್ಮ ಕೈಯಿಂದ ತಿದ್ದಲು ಸ್ಕ್ರೂ ಕೂಡ ಇಲ್ಲ. ಕಾರ್ಖಾನೆಯಲ್ಲಿ ಹೇಗೆ ಕೂರಿಸಿದರೋ ಹಾಗೆ. ಗುಂಡು ಅದಕ್ಕೆ ಹೊಂದಿದರೆ ಪುಣ್ಯ, ಹೊಂದದಿದ್ದರೆ ಹಣೆಬರಹ. ತಿದ್ದುವ ಸ್ಕ್ರೂ ಇಲ್ಲದಿರುವುದರಿಂದ ಸಡಿಲವಾಗಲು ಸ್ಕ್ರೂ ಇಲ್ಲ ಎಂದೂ ವಾದಿಸಬಹುದು.

ಬೆಳಕಿನ_ಬೆನ್ನಟ್ಟಿ

ರಾಯರೇ, ನಿಮ್ಮ ಪ್ರಶ್ನೆಗೆ ಗುಂಡು ಖರ್ಚು ಮಾಡದೆ ಉತ್ತರ ಪಡೆಯುವ ದಾರಿ ಇದೆ. ಖಾಲಿ ಪಿಸ್ತೂಲನ್ನು ಮರಳು ಚೀಲದ ಮೇಲೆ ಅಲುಗದಂತೆ ಇಡಿ. ಅಳತೆ ಮಾಡಿದ ದೂರದಲ್ಲಿ, ಅಂದರೆ ನೀವು ಝೀರೋ ಮಾಡಿದ ದೂರದಲ್ಲೇ, ಒಂದು ಗುರುತು ಹಾಕಿ. ಮಾಮೂಲಿ ಸೈಟಿನಿಂದ ಆ ಗುರುತಿಗೆ ಗುರಿಯಿಡಿ. ಈಗ ಲೇಸರ್ ಹಚ್ಚಿ. ಚುಕ್ಕೆ ಮುಂದಿನ ಸೈಟಿನ ತಲೆಯ ಮೇಲೆ ಕೂತಂತೆ ಕಂಡರೆ ಎಲ್ಲ ಸರಿ. ರೇಂಜಿಗೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಹೀಗೆ ನೋಡಿ. ಚುಕ್ಕೆ ಸೈಟಿನಿಂದ ಸರಿದಿದ್ದರೆ ಲೇಸರಿನ ತಪ್ಪು. ಚುಕ್ಕೆ ಸೈಟಿನ ಮೇಲೇ ಇದ್ದು ಗುಂಡು ಮಾತ್ರ ಎಡಕ್ಕೆ ಹೋಗಿದ್ದರೆ ಎನ್‌ಸಿಸಿ ಅವರು ಗೆದ್ದರು.

ದೂರದ ವಿಷಯದಲ್ಲಿ ಎಚ್ಚರ ಇರಲಿ. ಲೇಸರ್ ನಳಿಗೆಯ 25 ಮಿ.ಮೀ. ಕೆಳಗಿದ್ದು 10 ಮೀಟರಿಗೆ ಝೀರೋ ಆಗಿದ್ದರೆ, 5 ಮೀಟರಿನಲ್ಲಿ ಚುಕ್ಕೆ ಗುಂಡಿಗಿಂತ ಸುಮಾರು 12 ಮಿ.ಮೀ. ಕೆಳಗೆ, 20 ಮೀಟರಿನಲ್ಲಿ ಸುಮಾರು 25 ಮಿ.ಮೀ. ಮೇಲೆ ಇರಲೇಬೇಕು, ಗುಂಡಿನ ಇಳಿತ ಬೇರೆ. ಅದು ರೇಖಾಗಣಿತ, ಸವೆತವಲ್ಲ. ದೂರ ಬದಲಿಸಿ ಹಾರಿಸಿ “ಝೀರೋ ಹೋಯಿತು” ಎಂದು ಮರಳಿ ಕಳಿಸುವವರು ಕಡಿಮೆಯಿಲ್ಲ.

ರೌಂಡ್‌ರಾಕ್_ರಾಯ

ಮಾಡಿದೆ. ಹೋಗುವ ಮುನ್ನ ಚುಕ್ಕೆ ಸೈಟಿನ ನೆತ್ತಿಯ ಮೇಲಿತ್ತು. ಬಂದ ಮೇಲೆ ಬಲಗಡೆಗೆ ಜಾರಿತ್ತು. ಎನ್‌ಸಿಸಿ ಸರ್, ಬೆರಳಿಗೆ ಬಿಡುಗಡೆ.

ಆಮೇಲೆ ಲೇಸರನ್ನು ಕಳಚಿ ಮೇಜಿನ ದೀಪದ ಕೆಳಗೆ ನೋಡಿದೆ. ಪೆಟ್ಟಿಗೆಯ ನಡುವೆ ರೈಲಿನ ಅಡ್ಡ ಕಚ್ಚಿಗೆ ಸಿಕ್ಕಿಕೊಳ್ಳುವ ಒಂದು ಪುಟ್ಟ ಅಡ್ಡಕಟ್ಟು ಇರುತ್ತದೆಯಲ್ಲ, ಅದರ ಮೇಲೆ ಒಂದು ಅಕ್ಷರ ಕೆತ್ತಿದ್ದಾರೆ. ಕೈಪಿಡಿ ತೆಗೆದು ನೋಡಿದರೆ ಅದು ಪಿಕಟಿನಿ ಎಂಬ ಬೇರೆ ಬಗೆಯ ರೈಲಿನದು. ನನ್ನ ಪಿಸ್ತೂಲಿನ ಕಚ್ಚು ಅದಕ್ಕಿಂತ ಬೇರೆ ಅಳತೆಯದು. ಸರಿಯಾದ ಅಡ್ಡಕಟ್ಟು ಲೇಸರ್ ಬಂದ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಒಡೆಯದೆ ಬಿದ್ದಿದೆ. ಅಂಗಡಿಯವನು ಬಂದದ್ದನ್ನು ಬಂದ ಹಾಗೇ ಸಿಕ್ಕಿಸಿ, ಕೂರಿಸಿದ್ದಕ್ಕೆ ಬೇರೆ ಹಣ ತೆಗೆದುಕೊಂಡಿದ್ದಾನೆ! ರೈಲಿನ ಒಳ ಅಂಚು ಪ್ಲಾಸ್ಟಿಕ್ ಅಲ್ಲವೇ, ಒಂದು ಕಡೆ ಉಜ್ಜಿ ನುಣುಪಾಗಿದೆ.

ತಿರುಪು_ಬಿಗಿ

ಅದೇ. ಕಚ್ಚಿನಲ್ಲಿ ಅಡ್ಡಕಟ್ಟು ಗಟ್ಟಿಯಾಗಿ ಕೂರದಿದ್ದರೆ ಪಕ್ಕದ ಸ್ಕ್ರೂ ಒಂದೇ ಎಲ್ಲ ಒದೆತವನ್ನೂ ಹೊರಬೇಕಾಗುತ್ತದೆ. ಅದಕ್ಕೆ ಅದು ವಾರವಾರವೂ ಸೋತಿತು.

ಸರಿಯಾದ ಅಡ್ಡಕಟ್ಟು ಹಾಕಿ. ಸ್ಕ್ರೂವಿನ ಎಣ್ಣೆ ಒರೆಸಿ. ನೀಲಿ ಬಣ್ಣದ ಸ್ಕ್ರೂ ಅಂಟು ಹಾಕುವ ಆಸೆಯಾದರೆ ಲೋಹದೊಳಕ್ಕೆ ಹೋಗುವ ಸ್ಕ್ರೂವಿಗೆ ಮಾತ್ರ, ಸೂಜಿಮೊನೆಯಷ್ಟು. ಆ ಅಂಟು ಚೌಕಟ್ಟಿನ ಪ್ಲಾಸ್ಟಿಕ್ಕಿಗೆ ಹರಿದರೆ ಕೆಲವು ಬಗೆಯ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಚುಕ್ಕೆ ತಿದ್ದುವ ಆ ಎರಡು ಸಣ್ಣ ಸ್ಕ್ರೂಗಳ ತಂಟೆಗೆ ಹೋಗಲೇಬೇಡಿ, ಅವನ್ನು ನೀವು ಮುಂದೆಯೂ ತಿರುಗಿಸಬೇಕು. ಬಿಗಿದ ಮೇಲೆ ಸ್ಕ್ರೂವಿನ ತಲೆಯಿಂದ ಪೆಟ್ಟಿಗೆಯವರೆಗೆ ಬಿಳಿ ಬಣ್ಣದ ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ಸ್ಕ್ರೂ ತಿರುಗಿದೆ ಎಂದು ತಿಳಿಯುತ್ತದೆ.

ಮಾಜಿ_ಎನ್‌ಸಿಸಿ

ಅಂಗಡಿಯವನ ತಪ್ಪು ಸರಿ. ಆದರೆ ಕೈಪಿಡಿ ಕೂಡ ಚೀಲದೊಳಗೇ ಇತ್ತೇ?

ರೌಂಡ್‌ರಾಕ್_ರಾಯ

ಸರ್, ಅದು ಬೇರೆ ಎಳೆ.

ಹಳೇ_ರಿವಾಲ್ವರ್

ಸವೆದ ರೈಲು ಗಟ್ಟಿ ಹಿಡಿಯುತ್ತದೆಯೇ ಎಂದು ನೋಡಿ ಹೇಳಿ. ಪ್ಲಾಸ್ಟಿಕ್ ಒಮ್ಮೆ ಉಜ್ಜಿ ಹೋದರೆ ಹೊಸ ಅಡ್ಡಕಟ್ಟಿಗೂ ಸ್ವಲ್ಪ ಆಟ ಉಳಿಯಬಹುದು.

ರೌಂಡ್‌ರಾಕ್_ರಾಯ

ಹಾಕಿದ್ದೇನೆ. ಹೆಬ್ಬೆರಳಿಗೆ ಅಲುಗುತ್ತಿಲ್ಲ. ಬಿಳಿ ಗೆರೆಗೆ ಮಗಳ ನೇಲ್ ಪಾಲಿಶ್ ಸಿಕ್ಕಿತು, ಬಿಳಿಯಲ್ಲ, ಗುಲಾಬಿ. ಶನಿವಾರ ರೇಂಜಿಗೆ ಹೋಗುತ್ತೇನೆ, ಬಂದು ಬರೆಯುತ್ತೇನೆ.

ಮಿನೆಸೋಟದ_ಮಂಜು

ನೇಲ್ ಪಾಲಿಶ್ ಲೆನ್ಸಿಗೆ ತಾಗದಂತೆ ನೋಡಿಕೊಳ್ಳಿ. ತಾಗಿತೆಂದು ಅಸಿಟೋನ್ ಹಚ್ಚಿ ಒರೆಸಿದರೆ ಲೆನ್ಸ್ ಕರಗಿ ಹೋದೀತು.

ಮರಳುಗಾಡಿನ_ಗೌಡ

ಬೆನ್ನಟ್ಟಿ ಅವರೇ, ನನ್ನ ಪೆಟ್ಟಿಗೆ ಹುಡುಕಿ ನೋಡಿದೆ. 532 ಎಂದೇ ಇದೆ. 520ರದು ಕೊಂಡರೆ ಕಾರಿನಲ್ಲೇ ಬಿಡಬಹುದೇ?

ಬೆಳಕಿನ_ಬೆನ್ನಟ್ಟಿ

ಲೇಸರ್ ತಡೆದೀತು, ಆದರೆ ಒಳಗಿನ ಬ್ಯಾಟರಿಯೂ ತಡೆಯಬೇಕಲ್ಲ. ಪಿಸ್ತೂಲು ಸಮೇತ ಕಾರಿನಲ್ಲಿ ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಕಳ್ಳರಿಗೆ ಯಾವ ನ್ಯಾನೋಮೀಟರ್ ಆದರೂ ನಡೆಯುತ್ತದೆ.